ಅಪ್ಪನನ್ನೇ ಕೇಳು

ಬದಿಯಡ್ಕ, ಕಾಸರಗೋಡು

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ಕೇಳಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಡಾಕ್ಟರು ಮನೆಗೆ ಕಳಿಸಿದ ಮೇಲೆ ನಿನ್ನ ಅಪ್ಪ, ನನ್ನ ಅಣ್ಣ, ಸಮಾಧಾನದಲ್ಲಿದ್ದಾನೆ. ಕೊನೆಗಾಲದ ಆರೈಕೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದು ನೋಡಿ ಹೋಗುತ್ತಾರೆ, ನೋವು ಕಡಿಮೆ ಇದೆ. ಮೊಬೈಲಿನಲ್ಲಿ ಚೆಂಡೆ ಹಾಕಿದರೆ ಮಂಚದ ಅಂಚಿನಲ್ಲಿ ಅವನ ಬೆರಳು ತಾಳ ಹಾಕುತ್ತದೆ. ಮಾತೂ ಸ್ಪಷ್ಟ ಇದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅಪ್ಪನನ್ನು ಹೇಗೆ ಕಳಿಸಿಕೊಡಬೇಕು ಅಂತ ಅಪ್ಪನನ್ನೇ ಕೇಳು ಮಗಳೇ. ಬಾಯಲ್ಲಿ ಮಾತು ಇರುವಾಗಲೇ ಕೇಳು. ಅಪಶಕುನ ಅಂತ ಯಾರಾದರೂ ತಡೆದರೆ ಅತ್ತೆ ಹೇಳಿದ್ದು ಅನ್ನು.

ನಿನ್ನ ಮಾವ ಹೋದಾಗ ನಾವು ಯಾರೂ ಏನೂ ಕೇಳಿರಲಿಲ್ಲ. ಹನ್ನೆರಡನೇ ದಿನ ಕಪಾಟು ತೆಗೆದರೆ ಡೈರಿಯ ಒಂದು ಹಾಳೆ ಸಿಕ್ಕಿತು. ಕಣ್ಣು ದಾನ ಮಾಡಿ ಅಂತ ಅವರದೇ ಅಕ್ಷರದಲ್ಲಿ ಬರೆದಿತ್ತು. ಕಣ್ಣು ತೆಗೆಯಲು ಉಸಿರು ನಿಂತ ಮೇಲೆ 6 ಗಂಟೆ ಮಾತ್ರ ಸಮಯ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ತೆಗೆದು ಓದಲು ಆಗುವುದಿಲ್ಲ, ಬಿಸಾಡಲೂ ಆಗುವುದಿಲ್ಲ.

ಅಣ್ಣನಿಗೂ ಆ ಆಸೆ ಇದ್ದರೆ ನೇತ್ರ ಬ್ಯಾಂಕಿನ ನಂಬರನ್ನು ಈಗಲೇ ಗೋಡೆಗೆ ಅಂಟಿಸೋಣ. ಆ ಹೊತ್ತಿಗೆ ಫ್ಯಾನ್ ಆರಿಸಬೇಕು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆ ಸ್ವಲ್ಪ ಎತ್ತರದಲ್ಲಿರಬೇಕು. ಪೊರೆಯ ಆಪರೇಶನ್ ಆದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ.

ಬೆಂಕಿ ನೀನೇ ಇಡಬೇಕು ಅಂತ ನನ್ನ ಆಸೆ. ನೀನು ಒಬ್ಬಳೇ ಮಗಳು. ಅಣ್ಣನಿಗೂ ಅದೇ ಮನಸ್ಸಿದ್ದರೆ ಭಟ್ಟರನ್ನು ಒಮ್ಮೆ ಕರೆಸಿ ಅವರ ಎದುರೇ ಹೇಳಿಸು. ಹೆಣ ಅಂಗಳದಲ್ಲಿಟ್ಟುಕೊಂಡು ಜಗಲಿಯಲ್ಲಿ ನೆಂಟರು ಚರ್ಚೆ ಮಾಡುವುದನ್ನು ನಾನು ನೋಡಿದ್ದೇನೆ. ಅಂಥದ್ದು ನಿನಗೆ ಬರಬಾರದು.

ಈಗ ಆಟಿ ತಿಂಗಳ ಮಳೆ. ನಮ್ಮಲ್ಲಿ ತೋಟದ ಬದಿಯಲ್ಲೇ ಸುಡುವುದು ಅಲ್ವಾ? ಹಸಿ ಮಾವಿನ ಮರವಾದರೆ ಬರೀ ಹೊಗೆ. ಒಣ ಸೌದೆ, ಎರಡು ಗೋಣಿ ತೆಂಗಿನ ಗೆರಟೆ, ಮೇಲೆ ಕಟ್ಟಲು ತಗಡಿನ ಶೀಟು ಕೊಟ್ಟಿಗೆಯಲ್ಲಿ ಬೇರೆ ಇಡಿಸಿದ್ದೇನೆ. ಇಡಿಸುವಾಗ ಕಣ್ಣು ತುಂಬಿತು. ಆದರೂ ಇದನ್ನು ನಿನ್ನ ತಲೆಗೆ ಬಿಡಬಾರದು ಅನ್ನಿಸಿತು.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಹತ್ತು ಬಗೆ ಸಿಹಿ ಬೇಡ. ಅವನದು ಅಂತ ಕಾಣುವ ಒಂದು ಕೆಲಸ ಸಾಕು. ಅವನ ಟ್ರಂಕು ಗೊತ್ತಲ್ಲ? ವೇಷವಿಲ್ಲದೆ ಕೂತು ಆಡುವ ತಾಳಮದ್ದಲೆಗೆ ಹೋಗುವ ಮೊದಲು ಮದುವೆ ಕಾಗದಗಳ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅರ್ಥ, ಅಂದರೆ ತನ್ನ ಪಾತ್ರದ ಮಾತು, ಬರೆದುಕೊಳ್ಳುತ್ತಿದ್ದ. ಎಲ್ಲ ಅದರಲ್ಲಿವೆ. ಕೃಷ್ಣ ಸಂಧಾನ ಪ್ರಸಂಗ ಅಂದರೆ ಅವನಿಗೆ ವಿದುರನ ಪಾತ್ರವೇ ಆಗಬೇಕು. ಮೊನ್ನೆ ಒಂದು ಕಾಗದ ನೋಡಿದೆ. ಕೃಷ್ಣ ಮನೆಗೆ ಬಂದು ಕುಡುತೆ ಹಾಲು ಕುಡಿಯುವಲ್ಲಿ ಹೀಗೆ ಬರೆದಿದ್ದಾನೆ: ‘ವಿದುರ ಇಲ್ಲಿ ಅಳಬಾರದು. ಸ್ವರ ಒಂಚೂರು ನಡುಗಿದರೆ ಸಾಕು.’ ಊಟಕ್ಕೆ ಮುಂಚೆ ಭಾಗವತರಿಂದ ಆ ಭಾಗದ ಎರಡು ಪದ ಹಾಡಿಸಿ, ಅವನ ಶಿಷ್ಯ ಒಬ್ಬ ಅದೇ ಕಾಗದ ನೋಡಿ ಅರ್ಥ ಹೇಳಲಿ. ಫೋಟೋ ಕೂಡ ಪೆನ್ಶನ್ ಪುಸ್ತಕದ್ದು ಬೇಡ. ಶಾಲು ಹೊದ್ದು, ಕೈ ಎತ್ತಿ ಅರ್ಥ ಹೇಳುವುದು ಇದೆಯಲ್ಲ, ಅದನ್ನೇ ದೊಡ್ಡದು ಮಾಡಿಸು.

ನುಡಿನಮನದಲ್ಲಿ ಮಾತು ಉದ್ದ ಆಗದಿರಲಿ. ಶಾಲೆಯಲ್ಲಿ ಅವನ ಹತ್ತಿರ ಕನ್ನಡ ಕಲಿತವರು ಬರುತ್ತಾರೆ, ನೆರೆಯವರೂ ಬರುತ್ತಾರೆ. ಮಲಯಾಳದವರು ಮಲಯಾಳದಲ್ಲಿ, ತುಳುವಿನವರು ತುಳುವಿನಲ್ಲಿ ಹೇಳಲಿ. ಅವನು ಎಲ್ಲರ ಹತ್ತಿರ ಅವರವರ ಭಾಷೆಯಲ್ಲೇ ಮಾತಾಡಿದವನು.

ಅಸ್ಥಿ ಗೋಕರ್ಣಕ್ಕೇ ಒಯ್ಯಬೇಕು ಅಂತಿಲ್ಲ. ನಮ್ಮ ಅಪ್ಪ ಅಮ್ಮನದನ್ನು ಅಣ್ಣ ಬೇಕಲದ ಹತ್ತಿರ ತ್ರಿಕ್ಕನ್ನಾಡಿನ ಕಡಲಿಗೆ ಬಿಟ್ಟಿದ್ದ. ಇದನ್ನೂ ಕೇಳು.

ಪಂಚಾಯತಿನಲ್ಲಿ ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರಿನ ಪ್ರತಿ ಅಕ್ಷರ ನೋಡು. ಮಾವನ ಹೆಸರು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಒಂದಕ್ಷರ ತಪ್ಪಿತು. ಅದನ್ನು ಸರಿಮಾಡಲು ಎಷ್ಟು ಸಲ ಬಸ್ಸು ಹತ್ತಿದೆನೋ! ಅಣ್ಣನ ಆಧಾರ್, ಪೆನ್ಶನ್ ಪುಸ್ತಕ, ಜಾಗದ ತೆರಿಗೆ ರಶೀದಿ ಮೂರನ್ನೂ ಒಂದೇ ಕವರಿನಲ್ಲಿ ಹಾಕಿಟ್ಟಿದ್ದೇನೆ.

ಶುಕ್ರವಾರ ರಾತ್ರಿಯ ಬಸ್ಸಿಗೆ ಬಾ. ಹೇಗೆ ಶುರು ಮಾಡಲಿ ಅಂತ ಹೆದರಬೇಡ. ಟ್ರಂಕಿನ ಕೀಲಿ ಅವನ ತಲೆದಿಂಬಿನ ಕೆಳಗಿದೆ. ಪಕ್ಕದಲ್ಲಿ ಕೂತು ಆ ಕಾಗದಗಳನ್ನು ಗಟ್ಟಿಯಾಗಿ ಓದು. ತಪ್ಪು ಓದಿದರೆ ತಿದ್ದುತ್ತಾನೆ. ಹಾಗೇ ಮಾತು ಬರುತ್ತದೆ. ಮೊದಲು ವಿದುರನದ್ದು ಓದು.

ನಿನ್ನ,
ಅತ್ತೆ