ಕಲ್ಯಾಣದ ದಾರಿಯ ಪ್ರೇಮಕಥೆ: ಮಗಳಿಗೊಂದು ಪತ್ರ

ವಿಜಯಪುರ

ಚಿ. ಮಗಳಿಗೆ ನಿನ್ನ ಅವ್ವ ಮಾಡುವ ಅನೇಕ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ನಿನ್ನ ಕ್ಷೇಮಸಮಾಚಾರವನ್ನು ತಿಳಿಸುತ್ತಿರಬೇಕು.

ಬಸವಣ್ಣನ ಕಾಲದ ಕಲ್ಯಾಣದ ಶರಣರ ಬಗ್ಗೆ ನೀನು ಬರೆದು ಕಳಿಸಿದ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ. ಫೋನಿನಲ್ಲಿ ಮಾತಾಡಿದರೆ ನೀನು ನಡುವೆಯೇ ಸಮಜಾಯಿಷಿ ಕೊಡಲು ತೊಡಗುತ್ತೀ ಎಂದು ಕಾಗದವನ್ನೇ ಬರೆಯುತ್ತಿದ್ದೇನೆ. ಜೊತೆಗಿಟ್ಟ ಚೀಟಿಯಲ್ಲಿ, ಇದು ಭಕ್ತಿ ಬೆರೆತ ಐತಿಹಾಸಿಕ ಪ್ರೇಮಕಥೆ, ದೊಡ್ಡ ಸಾಹಿತ್ಯವೇನೂ ಅಲ್ಲ ಎಂದು ಮೊದಲೇ ತಲೆ ತಗ್ಗಿಸಿದ್ದೀ. ಆ ಚೀಟಿಯನ್ನು ಹರಿದು ಹಾಕಿದೆ. ವಾರಪತ್ರಿಕೆಯ ಧಾರಾವಾಹಿಗಾಗಿ ಓಣಿಯ ಹೆಣ್ಣುಮಕ್ಕಳೆಲ್ಲ ಕಾದು ಕೂತು, ಒಂದೇ ಪ್ರತಿಯನ್ನು ಮನೆಯಿಂದ ಮನೆಗೆ ದಾಟಿಸಿ, ಕಡೆಗೆ ಪುಟಗಳನ್ನು ಬಿಚ್ಚಿ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಬೆಳೆದವಳು ನಾನು. ಇಬ್ಬರು ಒಬ್ಬರಿಗೊಬ್ಬರು ದಕ್ಕುತ್ತಾರೋ ಇಲ್ಲವೋ ಎಂಬ ಆತಂಕದಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡವರು ದಡ್ಡರಾಗಿರಲಿಲ್ಲ. ಓದುವ ಸುಖಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಬರೆಯುವ ಸುಖಕ್ಕಂತೂ ಬೇಡವೇ ಬೇಡ.

ಈ ಪ್ರಕಾರದ ಮಾದರಿಯನ್ನು ನೀನು ಇಂಗ್ಲಿಷ್ ಪುಸ್ತಕಗಳಿಂದ ಕಲಿತಿದ್ದೀ ಎಂಬುದು ಓದಿದ ಕೂಡಲೇ ತಿಳಿಯುತ್ತದೆ. ಅಮೆರಿಕದಲ್ಲಿ ಕ್ರೈಸ್ತ ಶ್ರದ್ಧೆಯ ಪ್ರೇಮಕಾದಂಬರಿಗಳಿಗೆ ಪುಸ್ತಕದಂಗಡಿಯಲ್ಲಿ ಬೇರೆಯದೇ ಕಪಾಟು ಇರುತ್ತದೆ, ಸಭ್ಯತೆಯ ಗೆರೆ ದಾಟದ ಪ್ರೀತಿ, ದೇವರ ಮೇಲಿನ ನಂಬಿಕೆಗೆ ಬರುವ ಪರೀಕ್ಷೆ ಮತ್ತು ಸುಖಾಂತ್ಯ, ಈ ಮೂರನ್ನು ಓದುಗರು ಕಾಸು ಕೊಡುವ ಮೊದಲೇ ನಿರೀಕ್ಷಿಸಿರುತ್ತಾರೆ ಎಂದು ನೀನೇ ಹೇಳಿದ್ದೆ. ಕೆನಡಾದ ಜನೆಟ್ ಓಕ್ 1979ರಲ್ಲಿ ಹೊರತಂದ ಮೊದಲ ಕಾದಂಬರಿಯನ್ನು ನಿನ್ನ ಒತ್ತಾಯಕ್ಕೆ ನಾನೂ ಓದಿದೆನಲ್ಲ. ವಲಸೆಯ ದಾರಿಯಲ್ಲಿ ಗಂಡನನ್ನು ಕಳೆದುಕೊಂಡ ಬಸುರಿ ಹುಡುಗಿ, ಚಳಿಗಾಲಕ್ಕೆ ಒಂದು ಸೂರು ಬೇಕೆಂಬ ಒಂದೇ ಕಾರಣಕ್ಕೆ, ಪುಟ್ಟ ಮಗಳಿರುವ ವಿಧುರನನ್ನು ಮದುವೆಯಾಗುವ ಕಥೆ. ಅಲ್ಲಿ ನನಗೆ ಹಿಡಿಸಿದ್ದು ಅಡುಗೆ ಕೂಡ ಸರಿಯಾಗಿ ಬಾರದ ಆ ಹುಡುಗಿಗೆ ಪ್ರೀತಿಯೂ ದೇವರೂ ಮನೆಗೆಲಸದ ನಡುವೆಯೇ, ನಿಧಾನವಾಗಿ, ಅವಳಿಗೇ ಗೊತ್ತಾಗದಂತೆ ಒದಗಿ ಬರುವ ರೀತಿ. ಈ ಬಗೆಯ ಎಲ್ಲ ಪುಸ್ತಕಗಳಲ್ಲಿ ಆ ತಾಳ್ಮೆ ಇಲ್ಲ. ಕಷ್ಟ ಬಂತು, ನಾಯಕಿ ಮೊಣಕಾಲೂರಿದಳು, ಕಷ್ಟ ಕಳೆಯಿತು ಎಂದು ಮುಗಿಸುವವೇ ಹೆಚ್ಚು. ನಿನ್ನ ಮೂರನೆಯ ಅಧ್ಯಾಯ ಆ ಜಾಡಿಗೆ ಬಿದ್ದಿದೆ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಬೇಕಾದದ್ದು, ನಿನಗೆ ಬೇಕಾದ ಮಾದರಿ ಅಷ್ಟು ದೂರದಲ್ಲಿ ಇಲ್ಲವೆಂಬುದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆಯನ್ನು ಚಿಕ್ಕಂದಿನಲ್ಲಿ ನಿನಗೆ ಹೇಳಿದ್ದೇನೆ. ಈಗ ಕಾದಂಬರಿಕಾರ್ತಿಯ ಕಣ್ಣಿನಿಂದ ಇನ್ನೊಮ್ಮೆ ನೋಡು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತರುತ್ತಾನೆ. ಮನೆಯಲ್ಲಿ ಬಡತನ ತಾಂಡವವಾಡುತ್ತಿದೆ, ಹೆಚ್ಚು ಬಂದದ್ದಕ್ಕೆ ಯಾವ ಹೆಂಡತಿಯಾದರೂ ಹಿಗ್ಗಬೇಕು. ಲಕ್ಕಮ್ಮ ಇಷ್ಟೇಕೆ ತಂದೆ ಎಂದು ಕೇಳುತ್ತಾಳೆ, ಇದು ಆಸೆಯಲ್ಲವೇ ಎನ್ನುತ್ತಾಳೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸುತ್ತಾಳೆ. ಅವನು ಮರುಮಾತಿಲ್ಲದೆ ಹೋಗುತ್ತಾನೆ. ಅವನು ಹೊಸ್ತಿಲು ದಾಟಿ ಹೋಗಿ ಬರುವ ಆ ಹೊತ್ತಿನಲ್ಲಿ ಲಕ್ಕಮ್ಮನ ಮನಸ್ಸಿನಲ್ಲಿ ಏನಿತ್ತು? ಗಂಡನಿಗೆ ನೋವಾಯಿತೇನೋ ಎಂಬ ಅಳುಕೇ, ತನ್ನ ಮಾತು ಕೇಳಿದನೆಂಬ ಹೆಮ್ಮೆಯೇ, ರಾತ್ರಿಯ ಊಟದ ಚಿಂತೆಯೇ? ಕಥೆ ಹೇಳಿದವರು ಅದನ್ನು ಹೇಳಿಲ್ಲ. ಅಲ್ಲೊಂದು ಇಡೀ ಅಧ್ಯಾಯಕ್ಕೆ ಜಾಗವಿದೆ.

ಇನ್ನೊಂದನ್ನು ಗಮನಿಸು. ಮಾರಯ್ಯನ ವಚನಗಳ ಅಂಕಿತ ಅಮರೇಶ್ವರಲಿಂಗ; ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ತಿದ್ದುವ ಮಾತಿಗೂ ಅವಳು ಹಾಕುವ ರುಜು ಅದೇ! ನಮ್ಮ ಕಡೆ ಮದುವೆಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಹೊಸ ಸೊಸೆಯನ್ನು ಕಾಡಿದಾಗ, ಅವಳು ತಲೆ ತಗ್ಗಿಸಿ, ಪ್ರಾಸ ಕೂಡಿಸಿ, ಕಡೆಯಲ್ಲಿ ಆ ಹೆಸರನ್ನು ತಂದಿಡುವ ಚೆಂದವನ್ನು ನೀನು ಬಲ್ಲೆ. (ನಿನ್ನ ಅಪ್ಪನ ಹೆಸರಿಗೆ ಪ್ರಾಸ ಸಿಗದೆ ನಾನು ಪಟ್ಟ ಪಾಡನ್ನು ನಿನ್ನ ಸೋದರತ್ತೆ ಈಗಲೂ ಆಡಿಕೊಂಡು ನಗುತ್ತಾಳೆ.) ಹನ್ನೆರಡನೆಯ ಶತಮಾನದಲ್ಲಿ ಈ ಪದ್ಧತಿ ಇತ್ತೆಂದು ನಾನು ಹೇಳುತ್ತಿಲ್ಲ, ನೀನೂ ಬರೆಯಬೇಡ. ಆದರೆ ಸಭ್ಯವಾಗಿದ್ದೂ ಮೈ ಜುಮ್ಮೆನ್ನಿಸುವ ಪ್ರೀತಿಯನ್ನು ಬರೆಯಲು ಬೇಕಾದ ದಾರಿಗಳು ನಮ್ಮಲ್ಲೇ ಧಾರಾಳವಾಗಿವೆ, ಪಾತ್ರಗಳನ್ನು ಬೆಳದಿಂಗಳಲ್ಲಿ ನಿಲ್ಲಿಸಲೇಬೇಕೆಂದಿಲ್ಲ.

ನೀನು ಆರಿಸಿಕೊಂಡ ಕಾಲ, ಎಂದರೆ 1160ರ ದಶಕದ ಕೊನೆ, ಕಲ್ಯಾಣ ಒಡೆದು ಶರಣರು ದಿಕ್ಕಾಪಾಲಾದ ಹೊತ್ತು, ಪ್ರೇಮಕಥೆಗೆ ಎಷ್ಟು ಒಪ್ಪುತ್ತದೆ ಎಂದು ಯೋಚಿಸಿದಷ್ಟೂ ಬೆರಗಾಗುತ್ತದೆ. ಆ ಕ್ಷೋಭೆ ಕಿಡಿ ಹಿಡಿದದ್ದೇ ಒಂದು ಮದುವೆಯಿಂದ ಎಂದು ಪರಂಪರೆ ಹೇಳುತ್ತದೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟರು. ಬಿಜ್ಜಳನ ಆಳಿಕೆಯಲ್ಲಿ ಅದಕ್ಕೆ ತಂದೆಯರಿಬ್ಬರೂ ಎಳೆಹೂಟೆಯ, ಎಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ, ಶಿಕ್ಷೆಗೆ ಗುರಿಯಾದರು. ತಂದೆಯರ ಹೆಸರು ಎಲ್ಲರಿಗೂ ಗೊತ್ತು, ರಾಜನ ಹೆಸರು ಗೊತ್ತು. ಆ ಹುಡುಗ, ಆ ಹುಡುಗಿ ಏನು ನುಡಿದರು? ಒಬ್ಬರನ್ನೊಬ್ಬರು ಮೊದಲು ಕಂಡದ್ದು ಎಲ್ಲಿ, ಮೆಚ್ಚಿ ಆದರೋ, ಹಿರಿಯರ ಮಾತಿಗೆ ಒಪ್ಪಿ ಆದರೋ? ರಾಜ್ಯವನ್ನೇ ಅಲುಗಿಸಿದ ಮದುವೆಯ ಮದುಮಕ್ಕಳ ಬಾಯಲ್ಲಿ ಒಂದು ಮಾತೂ ಉಳಿದಿಲ್ಲ. ನೀನು ಅವರನ್ನೇ ನಾಯಕ ನಾಯಕಿಯರನ್ನಾಗಿ ಮಾಡದೆ, ಅವರ ಮದುವೆಗೆ ಹೂ ಕಟ್ಟಿದ ಗೆಳತಿಯನ್ನೂ ವಚನಗಳ ತಾಳೆಗರಿಯ ಕಟ್ಟು ಹೊತ್ತ ತರುಣನನ್ನೂ ಕಲ್ಪಿಸಿಕೊಂಡದ್ದು ಜಾಣತನ. ಚರಿತ್ರೆಯಲ್ಲಿ ಹೆಸರಿರುವವರನ್ನು ನೀನು ಉಳಿಸಲಾರೆ. ಅವರ ಗತಿ ತೀರ್ಮಾನವಾಗಿ ಎಂಟು ನೂರು ವರ್ಷಗಳ ಮೇಲಾಯಿತು. ಹೆಸರಿಲ್ಲದ ಇಬ್ಬರನ್ನು ಕೂಡಿಸುವ ಸ್ವಾತಂತ್ರ್ಯ ಮಾತ್ರ ನಿನ್ನದು. ಸುಖಾಂತ್ಯವೆಂದರೆ ಕಲ್ಯಾಣ ಉಳಿಯಿತು ಎಂದಾಗಬೇಕಿಲ್ಲ, ಕಟ್ಟು ಶರಣರು ಆಸರೆ ಪಡೆದ ಉಳವಿಯನ್ನು ತಲುಪಿತು, ಹೊತ್ತ ಇಬ್ಬರೂ ಜೊತೆಯಾಗಿದ್ದರು ಎಂದಾದರೆ ಓದುವವಳಿಗೆ ಕಣ್ಣೊರೆಸಿಕೊಳ್ಳಲು ಅಷ್ಟು ಸಾಕು.

ಈಗ ಸಣ್ಣ ತಕರಾರುಗಳು. ಎರಡನೆಯ ಅಧ್ಯಾಯದಲ್ಲಿ ನಿನ್ನ ನಾಯಕಿ ಒಳಕಲ್ಲಿನ ಮುಂದೆ ಕೂತು ರಂಜಕ ಅರೆಯುತ್ತಾಳೆ, ದಾರಿಗೆಂದು ರೊಟ್ಟಿಯ ಜೊತೆ ಶೇಂಗಾ ಹಿಂಡಿ ಕಟ್ಟಿಕೊಳ್ಳುತ್ತಾಳೆ. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು 1498ರಲ್ಲಿ ಸಮುದ್ರದಾರಿ ಹಿಡಿದು ಬಂದ ಮೇಲಷ್ಟೇ ಅವು ನಮ್ಮ ನಾಡಿಗೆ ಬಂದವು. ಜೋಳದ ರೊಟ್ಟಿಯನ್ನು ಇಟ್ಟುಕೋ, ಅಗಸಿ ಇದೆ, ಎಳ್ಳು ಇದೆ, ಖಾರಕ್ಕೆ ಕರಿಮೆಣಸು ಇದೆ. ಬಟಾಟಿ, ಟೊಮ್ಯಾಟೊ ಎಲ್ಲಿಯೂ ಇಣುಕದಂತೆ ನೋಡಿಕೋ. ಅರ್ಧ ಗಂಟೆ, ಎರಡು ನಿಮಿಷ ಎಂಬುವನ್ನೂ ತೆಗೆದುಬಿಡು. ದಿನಕ್ಕೆ ಅರವತ್ತು ಗಳಿಗೆ, ಒಂದೊಂದು ಗಳಿಗೆ ನಮ್ಮ 24 ನಿಮಿಷ, ಅದರಲ್ಲೇ ನಿನ್ನ ಪಾತ್ರಗಳು ಕಾಯಲಿ.

ಕೂಡಲಸಂಗಮದ ವರ್ಣನೆ ತಿದ್ದಬೇಕು. ಸಾಗರದಂತೆ ಹರಡಿದ ನೀರು ಎಂದು ಬರೆದಿದ್ದೀ, ನೀನು ಕಂಡದ್ದು ಅದನ್ನೇ. ಈಗಿನ ಆ ಹರವು ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನದು. ಬಸವಣ್ಣನ ಐಕ್ಯ ಮಂಟಪವನ್ನು ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ, ಮೇಲಿನಿಂದ ಮೆಟ್ಟಿಲಿಳಿದು ಹೋಗುವಂತೆ ಮಾಡಿದ್ದಾರಲ್ಲ, ಆ ಮೆಟ್ಟಿಲುಗಳನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಇಳಿ. ಕೆಳಗೆ ನಿಂತಾಗ ತಲೆಯ ಮೇಲೆಲ್ಲೋ ಗೋಡೆಯ ಆಚೆ ನದಿ ಇರುತ್ತದೆ. ಬಸವಣ್ಣನ ಕಾಲದ ನೆಲಮಟ್ಟ ಆ ಕೆಳಗಿನದು. ನಿನ್ನ ನಾಯಕಿ ನಿಂತದ್ದು ಅಲ್ಲಿ, ಬೇಸಿಗೆಯಲ್ಲಿ ಬಂಡೆ ತೋರುವ ಕೃಷ್ಣೆ ಮಲಪ್ರಭೆಯರ ಎದುರಿಗೆ. ನೀರಿನ ಹರವನ್ನು ಕಿರಿದು ಮಾಡು.

ನನಗೆ ಎಲ್ಲಕ್ಕಿಂತ ಸೇರಿದ್ದು ಇಬ್ಬರೂ ದೀಪದ ಮುಂದೆ ವಚನ ಪ್ರತಿ ಮಾಡುವ ಭಾಗ. ಅವಳು ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಕೊರೆಯುತ್ತಾಳೆ, ಅವನು ದೀಪ ಹಿಡಿದಿರುತ್ತಾನೆ, ಒಬ್ಬರ ಕೈ ಇನ್ನೊಬ್ಬರಿಗೆ ಸೋಕುವುದಿಲ್ಲ. ಇದನ್ನು ಇನ್ನೂ ಹಿಗ್ಗಿಸಬಹುದು. ತಾಳೆಗರಿಯ ಮೇಲೆ ಕೊರೆದ ಅಕ್ಷರ ಆಗಲೇ ಕಣ್ಣಿಗೆ ಎದ್ದು ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆ ತಿಕ್ಕಿ ಒರೆಸಿದಾಗ, ಕಪ್ಪು ಗೀರಿನಲ್ಲಿ ಕೂತು ಅಕ್ಷರ ಮೇಲೇಳುತ್ತದೆ. ಕೊರೆಯುವುದು ಅವಳ ಕೆಲಸ, ಕಾಡಿಗೆ ತಿಕ್ಕುವುದು ಅವನ ಕೆಲಸ ಎಂದಿಟ್ಟುಕೋ. ಅವಳು ಏನು ಬರೆದಳೆಂಬುದು ಅವನ ಬೆರಳಿನ ಕೆಳಗೇ ಅವನಿಗೆ ತಿಳಿಯಬೇಕು. ಒಂದು ದಿನ ಅವಳು ಪ್ರತಿಯಲ್ಲಿ ಇಲ್ಲದ ಸಾಲೊಂದನ್ನು ಕೊರೆದಿಟ್ಟರೆ ಏನಾಗುತ್ತದೆ ಎಂದು ಯೋಚಿಸಿ ನನಗೇ ಎದೆ ಡವಡವ ಎಂದಿತು, ಈ ವಯಸ್ಸಿನಲ್ಲಿ!

ಇನ್ನು ಆ ಮೂರನೆಯ ಅಧ್ಯಾಯ. ಸೈನಿಕರು ಬೆನ್ನಟ್ಟಿ ಬರುತ್ತಾರೆ, ನಾಯಕಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ, ದಟ್ಟ ಮಂಜು ಕವಿಯುತ್ತದೆ, ಎಲ್ಲರೂ ಪಾರಾಗುತ್ತಾರೆ. ನನಗೆ ಇಷ್ಟವಾಗಲಿಲ್ಲ. ಪವಾಡಗಳನ್ನು ನಂಬಿದ ಜನ ಅವರು. ಆದ್ದರಿಂದ ಪಾತ್ರಗಳು ನಂಬಲಿ, ಮಂಜನ್ನು ಕಂಡು ಕೈ ಮುಗಿಯಲಿ. ಕಥೆಯ ಗಂಟು ಬಿಚ್ಚುವ ಕೆಲಸವನ್ನು ಮಾತ್ರ ಮಂಜಿಗೆ ವಹಿಸಬೇಡ. ಕಾಯಕವೇ ಕೈಲಾಸವೆಂದವರ ಕಥೆ ಬರೆಯುತ್ತಿರುವಾಗ ನಾಯಕಿಯ ಭಕ್ತಿ ಅವಳ ಕೈಕಾಲುಗಳಲ್ಲಿ ಕಾಣಬೇಕು, ಅದಕ್ಕೆ ಅವಳು ಬೆಲೆ ತೆರಬೇಕು. ಮಲಪ್ರಭೆಯನ್ನು ದಾಟುವ ಸಂದರ್ಭವನ್ನು ತೆಗೆದುಕೋ. ಕಾದರವಳ್ಳಿಯ ಬಳಿ ಶರಣರಿಗೂ ಬೆನ್ನಟ್ಟಿದ ಸೈನ್ಯಕ್ಕೂ ಕಾಳಗವಾಯಿತೆಂದು ಪ್ರತೀತಿ ಇದೆ. ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವೂ ಅದೇ ಹೊಳೆಯ ದಂಡೆಯಲ್ಲಿ, ಎಂ.ಕೆ. ಹುಬ್ಬಳ್ಳಿಯಲ್ಲಿ ಇದೆ. ಅಂಥ ಹೊಳೆಯಲ್ಲಿ ಗಾಯಗೊಂಡ ಅವನು ಸೆಳವಿಗೆ ಸಿಕ್ಕಿದ್ದಾನೆ, ಕಟ್ಟು ಅವಳ ತಲೆಯ ಮೇಲಿದೆ. ಕಟ್ಟು ಹಿಡಿಯಬೇಕೋ, ಕೈ ಹಿಡಿಯಬೇಕೋ? ಉತ್ತರವನ್ನು ನಾನು ಹೇಳುವುದಿಲ್ಲ. ಯಾವುದನ್ನು ಆರಿಸಿದರೂ ಅವಳೇ ಆರಿಸಲಿ, ಆರಿಸಿದ್ದಕ್ಕೆ ಆಮೇಲಿನ ಹತ್ತು ಅಧ್ಯಾಯ ಅವಳೇ ಉತ್ತರ ಕೊಡಲಿ. ಆಗ ಅವರ ಪ್ರೀತಿಯೂ ಭಕ್ತಿಯೂ ಒಂದೇ ಪರೀಕ್ಷೆಗೆ ಕೂತಂತಾಗುತ್ತದೆ. ಸತಿಪತಿಗಳು ಒಂದಾದ ಭಕ್ತಿಯೇ ಶಿವನಿಗೆ ಹಿತವೆಂದು ದಾಸಿಮಯ್ಯ ಹೇಳಿದ್ದನ್ನು ನೀನು ಪುಸ್ತಕದ ಮೊದಲ ಪುಟದಲ್ಲಿ ಹಾಕಿಕೊಂಡಿದ್ದೀಯಲ್ಲ, ಆ ಒಂದಾಗುವುದು ಎಷ್ಟು ಕಷ್ಟ ಎಂಬುದನ್ನು ಒಳಗಿನ ಪುಟಗಳು ತೋರಿಸಬೇಕು.

ಮಾತುಕತೆಯ ಭಾಷೆಯ ಬಗ್ಗೆ ಒಂದೇ ಮಾತು. ಪಾತ್ರಗಳು ರೊಟ್ಟಿ ಕೇಳುವಾಗಲೂ ವಚನದ ಧಾಟಿಯಲ್ಲಿ ಕೇಳುತ್ತಿವೆ, ಸಾಕುಮಾಡು.

ಆಧಾರಗಳಿಗಾಗಿ ದೂರ ಹುಡುಕಬೇಕಿಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನ ಹೆಸರೂ ವಂಶದ ವಿವರವೂ ಇವೆ. ಮುದ್ದೇಬಿಹಾಳದ ಕಡೆ ತಂಗಡಗಿಯಲ್ಲಿ ಬಸವಣ್ಣನ ಇನ್ನೊಬ್ಬ ಮಡದಿ ನೀಲಾಂಬಿಕೆಯ, ಖಾನಾಪುರದ ಕಡೆ ಕಕ್ಕೇರಿಯಲ್ಲಿ ಶರಣ ಡೋಹರ ಕಕ್ಕಯ್ಯನ ನೆನಪನ್ನು ಊರವರು ಕಾಪಾಡಿಕೊಂಡು ಬಂದಿದ್ದಾರೆ. ಇನ್ನು ನಮ್ಮೂರಿನ ಫ. ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನು ಬದಿಗಿಟ್ಟು, ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗಷ್ಟೇ ಉಳಿದಿದ್ದ ಇಂಥ ಕಟ್ಟುಗಳನ್ನು ಮನೆಮನೆಯಿಂದ ಕೂಡಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ ಶಿವಾನುಭವ ಪತ್ರಿಕೆಯನ್ನೂ ಆರಂಭಿಸಿ, ಓದುವವರ ಕೈಗೆ ವಚನಗಳನ್ನು ಕೊಟ್ಟರು. ನಿನ್ನ ನಾಯಕಿ ಹೊತ್ತ ಕಟ್ಟಿನ ಮುಂದಿನ ಕಥೆ ಅದು. ಕಾದಂಬರಿಯೊಳಗೆ ಅದನ್ನು ತುರುಕಬೇಡ, ಬೇಕಾದರೆ ಕೊನೆಗೊಂದು ಟಿಪ್ಪಣಿಯಲ್ಲಿ ಬರೆ. ಅದೇ ಟಿಪ್ಪಣಿಯಲ್ಲಿ ಯಾವುದು ಶಾಸನದ ಮಾತು, ಯಾವುದು ಪುರಾಣದ್ದು, ಯಾವುದು ನಿನ್ನ ಕಲ್ಪನೆ ಎಂದು ಓದುಗರಿಗೆ ತಿಳಿಸಿಬಿಡು.

ಕಡೆಯದಾಗಿ, ನಿನ್ನ ಜನ ಕಲ್ಯಾಣದಿಂದ ಉಳವಿಗೆ ಬಹಳ ಬೇಗ ಹೋಗಿ ಮುಟ್ಟುತ್ತಾರೆ. ಇಂದಿನ ರಸ್ತೆಯಲ್ಲೇ ಅದು 400 ಕಿಲೋಮೀಟರಿಗೂ ಹೆಚ್ಚು, ಕೊನೆಯ ಭಾಗವಂತೂ ಕಾಡು. ಮಾಘ ಮಾಸದ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಬೆಳಗಾವಿ, ಧಾರವಾಡದ ಕಡೆಯಿಂದ ಈಗಲೂ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಈ ಸಲ ರಜೆ ಹಾಕಿ ಬಂದರೆ ಇಬ್ಬರೂ ಬೈಲಹೊಂಗಲದ ಕಡೆಯಿಂದ ಯಾವುದಾದರೂ ಬಂಡಿಯ ಜೊತೆ ಒಂದೆರಡು ವಸ್ತಿ ಹೋಗಿಬರೋಣ. ಎತ್ತು ಎಲ್ಲಿ ನಿಲ್ಲುತ್ತದೆ, ನೀರು ಎಲ್ಲಿ ಸಿಗುತ್ತದೆ, ಸಂಜೆ ಒಲೆ ಹೂಡುವಷ್ಟರಲ್ಲಿ ಹೆಂಗಸರ ಕಾಲು ಏನಾಗಿರುತ್ತದೆ ಎಂಬುದನ್ನು ಕಂಡು ಬಂದು ನಾಲ್ಕನೆಯ ಅಧ್ಯಾಯ ಬರೆ. ಬರುವುದಾದರೆ ಬೇಗ ತಿಳಿಸು. ಬಂಡಿಯವರಿಗೆ ಮುಂಚಿತವಾಗಿ ಹೇಳಿಡಬೇಕು, ಕಟಕ ರೊಟ್ಟಿ ಬಡಿದಿಡಬೇಕು.

ಇತಿ,
ನಿನ್ನ ಅವ್ವ