ಶಾಲೆ, ಆರೋಗ್ಯ ಕೇಂದ್ರಗಳ ವಿದ್ಯುತ್ ಉಳಿತಾಯದ ಕೆಲಸಕ್ಕೆ ಅನುದಾನ ಕೋರಿ ಮನವಿ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಶಿವಮೊಗ್ಗ

ಇಂದ,
ಹೊಸನಗರ ತಾಲ್ಲೂಕಿನ ಗ್ರಾಮಸ್ಥರು

ಮಾನ್ಯರೇ,

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಲೈಟು ಹಾಕಬೇಕು. ಎರಚಲು ಬರುತ್ತದೆಂದು ಗಾಳಿಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿರುತ್ತಾರೆ. ಹಿಂದಿನವರು ಮಾಡಿಗೆ ಕೂರಿಸಿದ್ದ ಗಾಜಿನ ಹೆಂಚುಗಳಿಗೆ ಪಾಚಿ ಕಟ್ಟಿದೆ, ಒಡೆದ ಕಡೆ ತಗಡು ಹೊಡೆದಿದೆ. ಇನ್ನುಳಿದದ್ದು ಹಳೇ ಟ್ಯೂಬ್‌ಲೈಟು. ಚೋಕ್ ಸೇರಿ ಸುಮಾರು 50 ವ್ಯಾಟ್ ತಿನ್ನುತ್ತದೆ, ವೋಲ್ಟೇಜ್ ಇಳಿದರೆ ಮಿಣುಕುತ್ತಲೇ ಇರುತ್ತದೆ. 20 ವ್ಯಾಟಿನ ಎಲ್‌ಇಡಿ ಅದೇ ಕೆಲಸ ಮಾಡುತ್ತದೆ. ಹಳೇ ಫ್ಯಾನು 75 ವ್ಯಾಟ್, ಈಗಿನ ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಮಳೆಗಾಲದಲ್ಲಿ ಫ್ಯಾನು ಯಾರಿಗೆ ಬೇಕು ಎನ್ನಬೇಡಿ, ಮಕ್ಕಳ ಒದ್ದೆ ಯೂನಿಫಾರಂ ಒಣಗುವುದು ಅದರಡಿಯಲ್ಲೇ.

ಆರೋಗ್ಯ ಕೇಂದ್ರದ್ದು ಇನ್ನೂ ಗಂಭೀರ. ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರುಗಳನ್ನು ಬಿಟ್ಟುಕೊಟ್ಟ ತಾಲ್ಲೂಕು ನಮ್ಮದು. ಆದರೂ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಬರುವುದು ಮರುದಿನ, ಕೆಲವೊಮ್ಮೆ ಅದರ ಮಾರನೇ ದಿನ. 2ರಿಂದ 8 ಡಿಗ್ರಿಯಲ್ಲಿ ಲಸಿಕೆ ಇಡುವ ಐಎಲ್‌ಆರ್ ಎಂಬ ಫ್ರಿಜ್ ಪೆಟ್ಟಿಗೆ ಮುಚ್ಚಳ ತೆರೆಯದಿದ್ದರೆ ಒಂದಷ್ಟು ಹೊತ್ತು ತಂಪು ಹಿಡಿದುಕೊಂಡಿರುತ್ತದೆ. ಹೆರಿಗೆ ಕೋಣೆಯ ದೀಪಕ್ಕೆ ಆ ಅನುಕೂಲವಿಲ್ಲ. ಯುಪಿಎಸ್ ಇದೆ ನಿಜ, ಅದರ ಬ್ಯಾಟರಿಯನ್ನು ಹಳೇ ಟ್ಯೂಬು, ಫ್ಯಾನುಗಳೇ ಹೀರಿಬಿಡುತ್ತವೆ. ಲೋಡು ಅರ್ಧಕ್ಕಿಳಿದರೆ ಅದೇ ಬ್ಯಾಟರಿ ಕಡಿಮೆಯೆಂದರೂ ಎರಡರಷ್ಟು ಹೊತ್ತು ಬರುತ್ತದೆ. ಸೋಲಾರ್ ಬೇಡವೆನ್ನುತ್ತಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲು ಕಾಣುವುದೇ ಅಪರೂಪ. ಮೊದಲು ಬಳಕೆ ಇಳಿಯಲಿ, ಆಮೇಲೆ ಚಿಕ್ಕ ಸೋಲಾರೇ ಸಾಕಾದೀತು.

ತೊಡಕಿರುವುದು ಹಣದಲ್ಲಿ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಘೋಷಿಸಿದರು. ಸಂತೋಷ. ಆದರೆ ಬಿಲ್ಲು ಸರ್ಕಾರದ್ದಾದ ಮೇಲೆ ಉಳಿತಾಯವೂ ಸರ್ಕಾರದ್ದೇ. ಲೈಟು, ಫ್ಯಾನು ಬದಲಿಸುವ ಖರ್ಚು ಮಾತ್ರ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ತಲೆಗೆ. ಕೈಗೆ ಬರುವ ಚಿಲ್ಲರೆ ಅನುದಾನದಲ್ಲಿ ಅವರು ಸುಣ್ಣ-ಬಣ್ಣ ಮಾಡಿಸುತ್ತಾರೆಯೇ ಹೊರತು ಇದಕ್ಕೆ ಕೈ ಹಾಕುವುದಿಲ್ಲ, ಅದನ್ನು ತಪ್ಪೆನ್ನಲೂ ಆಗದು. ಉಳಿಯುವ ದುಡ್ಡು ಯಾರದೋ ಮೊದಲ ಬಂಡವಾಳವನ್ನೂ ಅವರೇ ಹಾಕುವುದು ನ್ಯಾಯ.

ಆದಕಾರಣ ಮುಂದಿನ ಸಾಲಿನ ಕ್ರಿಯಾಯೋಜನೆಯಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಮೊತ್ತ ಇಡಬೇಕು. ಹಳೇ ವೈರಿಂಗ್ ತಪಾಸಣೆಯೂ ಅದರಲ್ಲೇ ಸೇರಲಿ. ಸ್ಟಾರ್ ರೇಟಿಂಗ್, ವಾರಂಟಿ ಎರಡೂ ಇರುವ ಸಾಮಾನನ್ನೇ ಕೊಳ್ಳಬೇಕು. ಕಡಿಮೆ ದರದ ಟೆಂಡರಿನಲ್ಲಿ ಬಂದು ಒಂದೇ ಮಳೆಗಾಲಕ್ಕೆ ಸುಟ್ಟುಹೋಗುವ ಬಲ್ಬು ಬೇಡ. ಗಾಜಿನ ಹೆಂಚು ಉಜ್ಜುವುದಕ್ಕೆ ಅನುದಾನ ಕೇಳುತ್ತಿಲ್ಲ, ಮೇ ತಿಂಗಳಲ್ಲಿ ಶ್ರಮದಾನದಿಂದ ನಾವೇ ಮಾಡಿಕೊಳ್ಳುತ್ತೇವೆ. ಒಡೆದವುಗಳ ಬದಲಿಗೆ ಹೊಸವನ್ನು ಕೊಡಿಸಿದರೆ ಸಾಕು. ತಾಲ್ಲೂಕಿನ ಎಲ್ಲ ಕಡೆ ಒಮ್ಮೆಗೇ ಆಗದಿದ್ದಲ್ಲಿ ಹೆರಿಗೆ ನಡೆಯುವ ಆರೋಗ್ಯ ಕೇಂದ್ರಗಳಿಂದ ಶುರು ಮಾಡಿ, ಶಾಲೆಗಳ ಸರದಿ ಯಾವಾಗ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮಸ್ಥರು
(ಸಹಿಗಳ ಪಟ್ಟಿ ಲಗತ್ತಿಸಿದೆ)