ನಿನ್ನ ರಿಪೋರ್ಟ್ ನೋಡಿದೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ ಬಯಾಪ್ಸಿ ರಿಪೋರ್ಟಿನ ಫೋಟೋ ನೋಡಿದೆ. ಕೆಳಗೆ ಒಂದೇ ಸಾಲು: "ಇದೇನೋ ಇದು?" ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಈಗ ಬಾಯಲ್ಲಿ ಹೇಳಿದ್ದು ನಿನ್ನ ತಲೆಗೆ ಇಳಿಯುವುದಿಲ್ಲ. ನನಗೂ ಇದೇ ಬಂದಾಗ ಡಾಕ್ಟರು "ಮೆಲನೋಮಾ" (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅಂದ ಮೇಲೂ ಹತ್ತು ನಿಮಿಷ ಮಾತಾಡಿದರಂತೆ. ನನಗೆ ನೆನಪಿರುವುದು ಅವರ ಪೆನ್ನಿನ ಮುಚ್ಚಳ ಮಾತ್ರ. ಯಾರೋ ಅದನ್ನು ಚೆನ್ನಾಗಿ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದರು. ಅದಕ್ಕೇ ಇದನ್ನು ಬರೆದು ಕಳಿಸುತ್ತಿದ್ದೇನೆ. ಮನಸ್ಸಾದಾಗ ಓದಿಕೋ.

ಮೊದಲು ರಿಪೋರ್ಟಿನಲ್ಲಿ 'ಬ್ರೆಸ್ಲೋ' ಅನ್ನುವ ಪದ ಹುಡುಕು. ಪಕ್ಕದಲ್ಲಿ 0.6 ಮಿ.ಮೀ. ಅಂತ ಇದೆ, ಅಲ್ವಾ? ಅದು ಮಚ್ಚೆಯ ಅಗಲ ಅಲ್ಲ, ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದರ ಲೆಕ್ಕ. ನಾನು ಪೆದ್ದನ ಹಾಗೆ ಸ್ಕೇಲ್ ಇಟ್ಟು ಮಚ್ಚೆಯ ಅಗಲ ಅಳೆದು, ರಿಪೋರ್ಟೇ ತಪ್ಪು ಅಂದುಕೊಂಡಿದ್ದೆ. ಮುಂದಿನ ಎಷ್ಟೋ ನಿರ್ಧಾರ ಈ ಅಂಕಿಯ ಮೇಲೇ ನಿಂತಿದೆ. 1 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಸುತ್ತಲೂ 1 ಸೆಂ.ಮೀ. ಚರ್ಮ ಸೇರಿಸಿ ತೆಗೆಯುತ್ತಾರೆ. 2 ಮಿ.ಮೀ. ದಾಟಿದರೆ 2 ಸೆಂ.ಮೀ. ಇನ್ನೊಂದು ಪದ 'ಅಲ್ಸರೇಷನ್', ಅಂದರೆ ಮೇಲಿನ ಪದರ ಒಡೆದಿದೆಯಾ ಅಂತ. ನಿನಗೆ 'ಇಲ್ಲ' ಅಂತ ಬರೆದಿದ್ದಾರೆ. ಇಷ್ಟು ತೆಳು ಇದ್ದು ಅದೂ ಇಲ್ಲದಿದ್ದರೆ, ಕ್ಯಾನ್ಸರ್ ಹರಡಿದೆಯಾ ಅಂತ ನೋಡುವ ಲಿಂಫ್ ಗ್ರಂಥಿಯ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೂ ಡಾಕ್ಟರನ್ನು ಕೇಳು.

ಇಂಟರ್ನೆಟ್ಟಿನಲ್ಲಿ ಹುಡುಕಬೇಡ ಅಂತ ಹೇಳಲ್ಲ. ಹೇಳಿದರೂ ನೀನು ಬಿಡಲ್ಲ. ಆದರೆ 'ಚರ್ಮದ ಕ್ಯಾನ್ಸರ್' ಅಂತ ಸುಮ್ನೆ ಹುಡುಕಬೇಡ. ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್, ಮೆಲನೋಮಾ, ಮೂರೂ ಬೇರೆ ಬೇರೆ. ಬೇಸಲ್ ಸೆಲ್ ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಒಂದರ ಮಾತನ್ನು ಇನ್ನೊಂದಕ್ಕೆ ಹಚ್ಚಿ ನಾನು ಒಂದು ವಾರ ನಿದ್ದೆಗೆಟ್ಟೆ. ಬರೆದ ವರ್ಷವನ್ನೂ ನೋಡು. ಹರಡಿದ ಮೆಲನೋಮಾಕ್ಕೆ ಈಗಿನ ಇಮ್ಯುನೋಥೆರಪಿ ಔಷಧಿಗಳು (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವಂಥವು) ಬರತೊಡಗಿದ್ದು 2011ರಿಂದ ಈಚೆಗೆ. ಅದಕ್ಕೂ ಹಿಂದಿನ ಲೆಕ್ಕ ಓದಿ ಹೆದರಿದರೆ ಹೆದರಿದ್ದೇ ಲಾಭ.

ಫೋಟೋಗಳದ್ದು ಇನ್ನೊಂದು ಕಥೆ. ಎಲ್ಲಾ ಬಿಳಿ ಚರ್ಮದವರವೇ. ಕಪ್ಪು, ಗೋಧಿ ಬಣ್ಣದವರಲ್ಲಿ ಮೆಲನೋಮಾ ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಜಾಸ್ತಿ. ಬಾಬ್ ಮಾರ್ಲಿಗೆ ಬಂದದ್ದೂ ಕಾಲ್ಬೆರಳ ಉಗುರಿನ ಕೆಳಗೇ. ನನ್ನದು ಹಿಮ್ಮಡಿಯಲ್ಲಿ. ಆಣಿ ಅಂದುಕೊಂಡು ಎಂಟು ತಿಂಗಳು ಪಟ್ಟಿ ಹಚ್ಚಿದೆ. "ಬಿಸಿಲಲ್ಲಿ ತುಂಬಾ ತಿರುಗ್ತಿದ್ದೆಯಾ?" ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಹಿಮ್ಮಡಿ ಎಲ್ಲಿ ಬಿಸಿಲು ಕಾಯುತ್ತೆ, ಹೇಳು!

ನನಗೆ ನಿಜಕ್ಕೂ ಬೇಕಿದ್ದ ಮಾಹಿತಿಯನ್ನು ಯಾರೂ ಕೊಡಲಿಲ್ಲ. ಹಿಮ್ಮಡಿ ಮುಚ್ಚಲು ತೊಡೆಯಿಂದ ಚರ್ಮ ತೆಗೆಯುತ್ತಾರೆ ಅಂದರು. ಆಪರೇಷನ್ ಆದ ಜಾಗಕ್ಕಿಂತ ತೊಡೆಯೇ ಜಾಸ್ತಿ ಉರಿಯುತ್ತೆ ಅನ್ನಲಿಲ್ಲ. ರಾತ್ರಿ ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತು. ಏನೋ ಕೆಟ್ಟಿದೆ ಅಂತ ಅಳುತ್ತಾ ಕೂತಿದ್ದೆ. ಕೊನೆಗೆ ಡ್ರೆಸ್ಸಿಂಗ್ ಬದಲಿಸುವ ನರ್ಸ್ "ಎಲ್ಲರಿಗೂ ಹೀಗೇ" ಅಂದರು. ಆ ಎರಡು ಪದ ಮೊದಲೇ ಸಿಕ್ಕಿದ್ದರೆ! ನಿನಗೆ ಬೆನ್ನಿನ ಮೇಲೆ ಅಲ್ವಾ, ಬಹುಶಃ ಬೇರೆ ಕಡೆಯ ಚರ್ಮ ತರದೆ ನೇರ ಹೊಲಿಯುತ್ತಾರೆ. ಆದರೆ ಗಾಯ ನೀನು ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತೆ. ಮಡಿಕೆ ಬೀಳದೆ ಚರ್ಮ ಕೂಡಬೇಕಾದರೆ ಅಗಲದ ಮೂರರಷ್ಟು ಉದ್ದಕ್ಕೆ ಕೊಯ್ಯಬೇಕಾಗುತ್ತೆ. ಪಟ್ಟಿ ಬಿಚ್ಚಿದ ದಿನ ಗಾಬರಿ ಬೀಳಬೇಡ.

ಲಿಂಫ್ ಗ್ರಂಥಿ ಊದಿ ಗಂಟಾಗಿದೆಯಾ ಅಂತ ಹುಡುಕುವುದನ್ನು ಕಲಿಸಿದ್ದೂ ಅದೇ ನರ್ಸ್. ನನ್ನ ಕೈ ಹಿಡಿದು ತೊಡೆಸಂದಿಯ ಮೇಲಿಟ್ಟು, "ಒತ್ತಬೇಡಿ, ಬೆರಳನ್ನು ಉರುಳಿಸಿ" ಅಂದರು. ತಿಂಗಳಿಗೊಮ್ಮೆ ಸ್ನಾನದಲ್ಲಿ, ಸೋಪಿನ ಕೈಯಲ್ಲಿ. ನೀನು ಕಂಕುಳು, ಕುತ್ತಿಗೆ, ತೊಡೆಸಂದಿ ಮೂರೂ ನೋಡಿಕೋ. ಅವರ ಬಳಿ ಕಲಿಯದೆ ಸುಮ್ನೆ ತಡಕಾಡಿದರೆ ಎಲ್ಲವೂ ಗಂಟೇ.

ಇನ್ನೊಂದು ಮಾತು. ಎಲ್ಲವನ್ನೂ ತಿಳಿಯಲೇಬೇಕು ಅಂತೇನಿಲ್ಲ. ನನ್ನಾಕೆಗೆ ಎಲ್ಲಾ ಅಂಕಿ ಬೇಕಿತ್ತು. ನನಗೆ ಒಂದೂ ಬೇಡವಾಗಿತ್ತು. ಇದಕ್ಕೇ ಮನೆಯಲ್ಲಿ ಜಗಳವೂ ಆಯಿತು. ಕೊನೆಗೆ ಡಾಕ್ಟರು ಅವಳನ್ನು ಬೇರೆ ಕೂರಿಸಿ ಹೇಳಿದರು. ಐದು ವರ್ಷ ಬದುಕುವವರು ಎಷ್ಟು ಮಂದಿ ಅನ್ನುವ ಲೆಕ್ಕ ಬೇಡ ಅನಿಸಿದರೆ ಬೇಡ ಅನ್ನು. ಆದರೆ ಒಂದು ಪ್ರಶ್ನೆ ಬಿಡಬೇಡ: ಮುಂದಿನ ತಪಾಸಣೆಗೆ ಮೊದಲೇ ಹೊಸ ಮಚ್ಚೆ ಕಂಡರೆ ಯಾರಿಗೆ ಫೋನ್ ಮಾಡಲಿ? ಹೆಸರು, ನಂಬರ್ ಎರಡೂ ಬರೆಸಿಕೋ.

ಗುರುವಾರ ಡಾಕ್ಟರ ಹತ್ತಿರ ನಾನೂ ಬರುತ್ತೇನೆ. ನೀನು ಕೇಳು, ನಾನು ಬರೆದುಕೊಳ್ಳುತ್ತೇನೆ. ಪೆನ್ನು ನಾನೇ ತರುತ್ತೇನೆ, ಮುಚ್ಚಳ ಕಚ್ಚದ್ದು.

ನಿನ್ನ ಗೆಳೆಯ